ಘಟ್ಟವೆಂಬ ಮೆಟ್ಟಿಲು: ಹದಡಿಯಿಂದ ಆಗುಂಬೆಗೆ ಸೈಕಲ್ ದಾರಿ, ಕಾಲುದಾರಿ

ದಾವಣಗೆರೆ ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಹತ್ತು ಹನ್ನೆರಡು ಕಿಲೋಮೀಟರ್ ದೂರದ ಹದಡಿಯೂ ಹೆಚ್ಚು ಕಡಿಮೆ ಅದೇ ಮಟ್ಟದಲ್ಲಿದೆ. ಇನ್ನು ಪಶ್ಚಿಮ ಘಟ್ಟದ ನೆತ್ತಿಯ ಮೇಲಿರುವ, ಮಳೆಗೂ ಸೂರ್ಯಾಸ್ತಕ್ಕೂ ಹೆಸರಾದ ಆಗುಂಬೆಯ ಎತ್ತರ ಎಷ್ಟಿರಬಹುದು? ಸುಮಾರು 640 ಮೀಟರ್ ಮಾತ್ರ. ಅಂದರೆ ಬಯಲುಸೀಮೆಯ ಹದಡಿಗೂ ಮಲೆನಾಡಿನ ಆಗುಂಬೆಗೂ ಎತ್ತರದಲ್ಲಿ ಇರುವ ವ್ಯತ್ಯಾಸ ಒಂದು ದೊಡ್ಡ ತೆಂಗಿನ ಮರದ ಮೇಲೆ ಇನ್ನೊಂದನ್ನು ನಿಲ್ಲಿಸಿದಷ್ಟು!

ಹದಡಿಯಿಂದ ಸೈಕಲ್ ತುಳಿಯುತ್ತ ಹೊರಟವನು ಸಂತೇಬೆನ್ನೂರು, ಚನ್ನಗಿರಿ, ಶಿವಮೊಗ್ಗ, ತೀರ್ಥಹಳ್ಳಿ ದಾಟಿ ಆಗುಂಬೆ ಮುಟ್ಟುವಾಗ ಸಣ್ಣಪುಟ್ಟ ಏರಿಳಿತಗಳನ್ನು ಬಿಟ್ಟರೆ ಬೆಟ್ಟ ಹತ್ತಿದ್ದೇನೆ ಎಂಬ ಭಾವನೆಯೇ ಅವನಿಗೆ ಬರುವುದಿಲ್ಲ. ಆದರೆ ಆಗುಂಬೆಯ ಪೇಟೆ ದಾಟಿ ಸ್ವಲ್ಪ ಮುಂದೆ ಹೋದೊಡನೆ ನೆಲ ಕೊನೆಯಾಗುತ್ತದೆ. ಮುಂದೆ ಇರುವುದು ಪ್ರಪಾತ, ಅದರಾಚೆ ಹಸಿರು ಕಾಡು, ಇನ್ನೂ ಆಚೆ ಆಕಾಶ ತಿಳಿಯಾಗಿದ್ದರೆ ಅರಬ್ಬೀ ಸಮುದ್ರ. ಕೆಳಗಿನ ಸೋಮೇಶ್ವರಕ್ಕೆ ಇಳಿಯಲು ಹನ್ನೆರಡು ಕಿಲೋಮೀಟರಿನೊಳಗೆ ಸುಮಾರು 500 ಮೀಟರ್ ಇಳಿಯಬೇಕು. ಅದಕ್ಕಾಗಿ ರಸ್ತೆ 14 ಸಲ ಹೇರ್‌ಪಿನ್ನಿನಂತೆ ಮಡಚಿಕೊಳ್ಳುತ್ತದೆ.

ನಮ್ಮ ಘಟ್ಟಗಳ ಗುಟ್ಟೆಲ್ಲ ಈ ಒಂದು ಸಂಗತಿಯಲ್ಲಿದೆ. ನಾವು ಬೆಟ್ಟದ ಆಚೆ ಇರುವವರಲ್ಲ, ಬೆಟ್ಟದ ಮೇಲೇ ಇರುವವರು. ಘಟ್ಟ ನಮಗೂ ಕರಾವಳಿಗೂ ನಡುವಿನ ಗೋಡೆ ಎಂದುಕೊಂಡಿದ್ದೇವೆ. ಅದು ಗೋಡೆಯಲ್ಲ, ನಮ್ಮ ಜಗುಲಿಯ ಅಂಚು. ಅದಕ್ಕೆ ಇಟ್ಟ ಮೆಟ್ಟಿಲೇ ಘಟ್ಟದ ದಾರಿ. ಬಸ್ಸಿನ ಕಿಟಕಿಯಲ್ಲಿ ತೂಕಡಿಸುತ್ತ ಹೋಗುವವರಿಗೆ ಇದು ತಿಳಿಯುವುದು ಕಷ್ಟ. ಕಾಲ್ನಡಿಗೆಯಲ್ಲಿ ಅಥವಾ ಸೈಕಲ್ಲಿನಲ್ಲಿ ಹೋಗುವವರಿಗೆ ಮೊಣಕಾಲೇ ತಿಳಿಸಿ ಹೇಳುತ್ತದೆ.

ಹೆಸರಿನಲ್ಲೇ ಅರ್ಥ

‘ಘಟ್ಟ’ ಎಂಬ ಮಾತನ್ನೇ ನೋಡಿ. ನದಿ ದಂಡೆಯ ಸ್ನಾನಘಟ್ಟ ಎಂದರೆ ನೀರಿಗೆ ಇಳಿಯುವ ಮೆಟ್ಟಿಲುಗಳು. ಹರಿಹರದಲ್ಲಿ ತುಂಗಭದ್ರೆಗೆ ಇಳಿಯುವುದೂ ಘಟ್ಟವೇ, ಆಗುಂಬೆಯಲ್ಲಿ ಕರಾವಳಿಗೆ ಇಳಿಯುವುದೂ ಘಟ್ಟವೇ. ಕಥೆ ಒಂದು ಘಟ್ಟಕ್ಕೆ ಬಂತು, ಪಂದ್ಯ ಅಂತಿಮ ಘಟ್ಟದಲ್ಲಿದೆ ಎಂದು ನಾವು ದಿನನಿತ್ಯ ಆಡುವ ಮಾತಿನಲ್ಲಿಯೂ ಹಂತ, ಮೆಟ್ಟಿಲು ಎಂಬ ಅರ್ಥವೇ ಅಡಗಿದೆ. ಕರಾವಳಿಯವರು ನಮ್ಮನ್ನು ‘ಘಟ್ಟದ ಮೇಲಿನವರು’ ಎನ್ನುತ್ತಾರೆ. ನಾವು ಅವರ ಸೀಮೆಯನ್ನು ‘ಘಟ್ಟದ ಕೆಳಗೆ’ ಎನ್ನುತ್ತೇವೆ. ಮೇಲೆ, ಕೆಳಗೆ ಎಂದರಷ್ಟೆ ಹೊರತು ಯಾರೂ ಆಚೆ, ಈಚೆ ಎನ್ನಲಿಲ್ಲ. ಭೂಗೋಳ ಶಾಸ್ತ್ರಜ್ಞರು ಬರೆಯುವ ಮೊದಲೇ ಜನ ನೆಲದ ಆಕಾರವನ್ನು ಸರಿಯಾಗಿ ಗುರುತಿಸಿದ್ದರು.

ಯೂರೋಪಿನ ಆಲ್ಪ್ಸ್ ಪರ್ವತಗಳ ಕಣಿವೆ ದಾರಿಗಳು ಇದಕ್ಕಿಂತ ಬೇರೆ ಬಗೆಯವು. ಅಲ್ಲಿ ಆಫ್ರಿಕದ ಭೂಫಲಕ ಯೂರೋಪಿನ ಫಲಕಕ್ಕೆ ಒತ್ತಿ, ನಡುವಿನ ನೆಲ ಚಾಪೆ ಸುಕ್ಕುಗಟ್ಟುವಂತೆ ಮಡಿಚಿ ಮೇಲೆದ್ದಿದೆ. ಹಾಗಾಗಿ ಅಲ್ಲಿ ದಾರಿಗನು ಒಂದು ಬದಿಯಿಂದ ಹತ್ತಿ, ಎರಡು ಶಿಖರಗಳ ನಡುವಿನ ತಗ್ಗನ್ನು ದಾಟಿ, ಇನ್ನೊಂದು ಬದಿಗೆ ಇಳಿಯುತ್ತಾನೆ. ಇಟಲಿಯ ಸ್ಟೆಲ್ವಿಯೋ ಕಣಿವೆಯ ಎತ್ತರ 2,757 ಮೀಟರ್. ಸ್ವಿಟ್ಜರ್ಲೆಂಡ್ ಮತ್ತು ಇಟಲಿಯ ಗಡಿಯ ಗ್ರೇಟ್ ಸೇಂಟ್ ಬರ್ನಾರ್ಡ್ 2,469 ಮೀಟರ್. ಚಳಿಗಾಲದಲ್ಲಿ ಇವು ಹಿಮದಿಂದ ಮುಚ್ಚಿ, ಬೇಸಗೆಯಲ್ಲಿ ಮಾತ್ರ ತೆರೆಯುತ್ತವೆ.

ಪಶ್ಚಿಮ ಘಟ್ಟ ಹುಟ್ಟಿದ್ದು ಡಿಕ್ಕಿಯಿಂದ ಅಲ್ಲ, ಅಗಲಿಕೆಯಿಂದ. ಸುಮಾರು ಒಂಬತ್ತು ಕೋಟಿ ವರ್ಷಗಳ ಹಿಂದೆ ಭಾರತದ ನೆಲ ಮಡಗಾಸ್ಕರ್‌ನಿಂದ ಹರಿದು ಬೇರೆಯಾಯಿತು. ಹರಿದ ಆ ಅಂಚು ಎತ್ತರವಾಗಿಯೇ ಉಳಿದು, ಮಳೆ ಮತ್ತು ಹೊಳೆಗಳು ಅದನ್ನು ಕೊರೆಯುತ್ತ ಬಂದು ಇಂದಿನ ಘಟ್ಟವಾಗಿದೆ. ಪಶ್ಚಿಮಕ್ಕೆ ಕಡಿದಾದ ಇಳಿಜಾರು, ಪೂರ್ವಕ್ಕೆ ನಿಧಾನವಾಗಿ ಓರೆಯಾಗುವ ಪ್ರಸ್ಥಭೂಮಿ. ಸುಮಾರು 1,600 ಕಿ.ಮೀ. ಉದ್ದದ ಈ ಸಾಲಿನಲ್ಲಿ ನಿಜವಾಗಿ ಬಾಗಿಲು ಎನ್ನಬಹುದಾದ ದೊಡ್ಡ ತಗ್ಗು ಕೇರಳದ ಪಾಲಕ್ಕಾಡಿನಲ್ಲಿದೆ. ಉಳಿದ ಕಡೆ ಇರುವುದೆಲ್ಲ ಮೆಟ್ಟಿಲುಗಳೇ. ಇವನ್ನು ಮುಚ್ಚುವುದು ಹಿಮವಲ್ಲ, ಮಳೆ. ಆಲ್ಪ್ಸ್‌ನ ದಾರಿಗಳು ಚೆನ್ನಾಗಿ ತೆರೆದಿರುವ ಜುಲೈ ತಿಂಗಳಿನಲ್ಲಿ ನಮ್ಮ ಘಟ್ಟಗಳು ಮಂಜು ಮುಸುಕಿ, ಮಣ್ಣು ಕುಸಿದು ಆಗಾಗ ಮುಚ್ಚುತ್ತವೆ.

ಎತ್ತಿನ ಬೆನ್ನ ಮೇಲಿನ ವ್ಯಾಪಾರ

ಹತ್ತೊಂಬತ್ತನೆಯ ಶತಮಾನಕ್ಕೆ ಮೊದಲು ಘಟ್ಟದಲ್ಲಿ ಗಾಡಿ ಓಡುವಂಥ ರಸ್ತೆ ಇರಲಿಲ್ಲವೆಂದೇ ಹೇಳಬೇಕು. ಕಡಿದಾದ ಕಾಲುದಾರಿಗಳಲ್ಲಿ ಸರಕು ಸಾಗುತ್ತಿದ್ದುದು ಮನುಷ್ಯರ ತಲೆಯ ಮೇಲೆ ಇಲ್ಲವೇ ಹೇರೆತ್ತುಗಳ ಬೆನ್ನ ಮೇಲೆ. ಎತ್ತಿನ ಎರಡೂ ಮಗ್ಗುಲಿಗೆ ಗೋಣಿ ತೂಗುಹಾಕಿ, ಸಾಲು ಸಾಲಾಗಿ ಹೊಡೆದುಕೊಂಡು ಹೋಗುವುದು ಆಗಿನ ಸಾರಿಗೆ. ಮೇಲಿನಿಂದ ಅಕ್ಕಿ, ಮೆಣಸು, ಅಡಕೆ ಇಳಿಯುತ್ತಿತ್ತು. ಕೆಳಗಿನಿಂದ ಉಪ್ಪು, ಒಣಮೀನು, ತೆಂಗು ಏರುತ್ತಿತ್ತು.

ಈ ಸಾಗಣೆಯಲ್ಲಿ ಲಂಬಾಣಿಗರ ಪಾತ್ರ ದೊಡ್ಡದು. ಇಂದು ನಮ್ಮ ಜಿಲ್ಲೆಯ ಊರೂರಿನ ಪಕ್ಕ ತಾಂಡಾಗಳಲ್ಲಿ ನೆಲೆಸಿರುವ ಇವರ ಪೂರ್ವಿಕರು ಧಾನ್ಯ ಮತ್ತು ಉಪ್ಪಿನ ಹೇರು ಹೊತ್ತ ಎತ್ತುಗಳೊಂದಿಗೆ ದೇಶವನ್ನೇ ಸುತ್ತುತ್ತಿದ್ದವರು. ‘ಲವಣ’ ಎಂಬುದರಿಂದಲೇ ಲಂಬಾಣಿ ಎಂಬ ಹೆಸರು ಬಂತು ಎಂದು ಹೇಳುವವರಿದ್ದಾರೆ. ಅವರು ಆರಾಧಿಸುವ ಸಂತ ಸೇವಾಲಾಲರ ಜನ್ಮಸ್ಥಳವೆಂದು ಪ್ರಸಿದ್ಧವಾದ ಸೂರಗೊಂಡನಕೊಪ್ಪ ಇರುವುದು ಈಗಿನ ದಾವಣಗೆರೆ ಜಿಲ್ಲೆಯ ನ್ಯಾಮತಿ ತಾಲ್ಲೂಕಿನಲ್ಲೇ. ಅದು ಮಲೆನಾಡಿಗೂ ಬಯಲಿಗೂ ನಡುವಿನ ನೆಲ. ರೈಲು ಮತ್ತು ಗಾಡಿ ರಸ್ತೆ ಬಂದ ಮೇಲೆ ಹೇರೆತ್ತಿನ ಕೆಲಸ ತಪ್ಪಿತು. ದಾರಿಯನ್ನೇ ಮನೆ ಮಾಡಿಕೊಂಡಿದ್ದವರು ಒಂದೆಡೆ ನಿಲ್ಲಬೇಕಾಯಿತು.

ದಾವಣಗೆರೆ ಪೇಟೆ ಬೆಳೆದದ್ದೂ ಈ ದಾರಿಗಳಿಂದಲೇ. ಹೈದರಾಲಿ ಇದನ್ನು ಒಬ್ಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟ. ಆತ ವ್ಯಾಪಾರಿಗಳನ್ನು ಕರೆಸಿ ನೆಲೆಗೊಳಿಸಿದ. ಮಲೆನಾಡಿನ ನಗರ, ಸಾಗರ ಸೀಮೆಯ ಅಡಕೆ ಮತ್ತು ಮೆಣಸು ಇಲ್ಲಿಗೆ ಬಂದು, ಇಲ್ಲಿಂದ ತಮಿಳು ನಾಡಿನ ವಾಲಾಜಾಪೇಟೆಯವರೆಗೆ ಹೋಗುತ್ತಿತ್ತು. ಕಂಬಳಿ ನೇಯ್ಗೆಗೂ ಊರು ಹೆಸರಾಗಿತ್ತು. ಟಿಪ್ಪುವಿನ ಪತನದ ನಂತರ ಮೈಸೂರು, ಕೆನರಾ ಸೀಮೆಗಳನ್ನು ಸಮೀಕ್ಷೆ ಮಾಡಿದ ಫ್ರಾನ್ಸಿಸ್ ಬುಕಾನನ್ 1801ರಲ್ಲಿ ಮಲೆನಾಡಿನ ಬಿದನೂರಿನಿಂದ ಹರಿಹರ, ದಾವಣಗೆರೆಯ ಮಾರ್ಗವಾಗಿಯೇ ಮುಂದೆ ಸಾಗಿದ. ಮಲೆನಾಡಿನ ಮಳೆಗೆ ಬಯಲುಸೀಮೆಯ ಕಂಬಳಿಯೇ ಛತ್ರಿ. ಕುರಿ ಸಾಕುವುದು ಒಂದು ಸೀಮೆ, ಕಂಬಳಿ ಹೊದೆಯುವುದು ಇನ್ನೊಂದು ಸೀಮೆ. ಎರಡನ್ನೂ ಕೂಡಿಸಿದ್ದು ದಾರಿ.

ಒಬ್ಬ ಇಟಲಿಯವನ ಕಣ್ಣಿನಲ್ಲಿ

ಘಟ್ಟ ಹತ್ತಿದ ಅನುಭವವನ್ನು ಬರೆದಿಟ್ಟವರಲ್ಲಿ ರೋಮ್ ನಗರದ ಪಿಯೆತ್ರೊ ದೆಲ್ಲಾ ವಾಲ್ಲೆ ಮುಖ್ಯನಾದವನು. 1623ರ ನವೆಂಬರ್‌ನಲ್ಲಿ ಅವನು ಇಕ್ಕೇರಿಯ ವೆಂಕಟಪ್ಪ ನಾಯಕನ ಬಳಿಗೆ ಹೊರಟ ಪೋರ್ಚುಗೀಸ್ ರಾಯಭಾರಿಯ ತಂಡದೊಡನೆ ಹೊನ್ನಾವರದಿಂದ ದೋಣಿಯಲ್ಲಿ ಶರಾವತಿಯ ಗುಂಟ ಗೇರುಸೊಪ್ಪೆಗೆ ಬಂದು, ಅಲ್ಲಿಂದ ಘಟ್ಟ ಹತ್ತಿದ. ಮೆಣಸಿನ ವ್ಯಾಪಾರದಿಂದ ಮೆರೆದ ರಾಣಿ ಚೆನ್ನಭೈರಾದೇವಿಯ ಗೇರುಸೊಪ್ಪೆ ಅಷ್ಟರಲ್ಲೇ ಹಾಳುಬಿದ್ದು, ಮರಗಿಡ ಬೆಳೆದಿತ್ತು. ಘಟ್ಟದ ಸಾಲನ್ನು ಕಂಡು ಅವನಿಗೆ ನೆನಪಾದದ್ದು ತನ್ನ ದೇಶದ ಅಪೆನೈನ್ ಬೆಟ್ಟಗಳು.

ಅವನ ಬರಹದಲ್ಲಿ ಇನ್ನೊಂದು ಸಂಗತಿ ಇದೆ. ಘಟ್ಟದ ಮೇಲೆ ಒಂದು ಗುಡಿಯ ಜಗುಲಿಯಲ್ಲಿ ತಂಗಿದ್ದಾಗ, ಕೆಲವು ಹುಡುಗರು ನೆಲಕ್ಕೆ ನುಣ್ಣನೆಯ ಮರಳು ಹರಡಿ, ಬೆರಳಿನಿಂದ ಅಂಕಿ ಬರೆಯುತ್ತ, ಬರೆದದ್ದನ್ನು ರಾಗವಾಗಿ ಹೇಳಿಕೊಳ್ಳುತ್ತ ಲೆಕ್ಕ ಕಲಿಯುವುದನ್ನು ಅವನು ನೋಡಿದ. ಮರಳು ತುಂಬಿದಾಗ ಅಳಿಸಿ, ಮತ್ತೆ ಹರಡಿ, ಮತ್ತೆ ಬರೆಯುತ್ತಿದ್ದರಂತೆ. ಕಾಗದ, ಮಸಿ ಯಾವುದರ ಖರ್ಚೂ ಇಲ್ಲದ ಈ ಶಾಲೆಯ ಬಗ್ಗೆ ಅವನು ಮೆಚ್ಚಿ ಬರೆದ ಮಾತು, ನಮ್ಮ ಹಳೆಯ ಶಿಕ್ಷಣ ಪದ್ಧತಿಯನ್ನು ಕುರಿತು ಬರೆಯುವವರು ಇಂದಿಗೂ ಉಲ್ಲೇಖಿಸುವ ಮಾತಾಗಿದೆ. ಅವನು ನಿಧಾನವಾಗಿ ಹೋದ, ದಣಿದು ಕೂತ. ಕೂತದ್ದರಿಂದ ಇದನ್ನು ಕಂಡ. ಒಂದು ಗಂಟೆಯಲ್ಲಿ ಘಟ್ಟ ದಾಟುವ ವಾಹನದಲ್ಲಿ ಇದ್ದಿದ್ದರೆ ಆ ಹುಡುಗರು ಯಾರ ಪುಸ್ತಕಕ್ಕೂ ಸೇರುತ್ತಿರಲಿಲ್ಲ.

ಘಟ್ಟದ ದಾರಿ ಯಾರ ಕೈಯಲ್ಲಿದೆಯೋ ರಾಜ್ಯ ಅವರ ಕೈಯಲ್ಲಿ ಎಂಬುದಕ್ಕೂ ನಿದರ್ಶನಗಳಿವೆ. 1783ರ ಜನವರಿಯಲ್ಲಿ ಇಂಗ್ಲಿಷ್ ಸೇನಾಪತಿ ಮ್ಯಾಥ್ಯೂಸ್ ಕುಂದಾಪುರದ ಕಡೆಯಿಂದ ಹೊಸಂಗಡಿ ಘಟ್ಟ ಹತ್ತಿ ಬಿದನೂರನ್ನು ಹಿಡಿದ. ಕೆಲವೇ ತಿಂಗಳಲ್ಲಿ ಟಿಪ್ಪು ಬಂದು ಅದನ್ನು ಮರಳಿ ಗೆದ್ದ. ಯೂರೋಪಿನಲ್ಲಿ ನೆಪೋಲಿಯನ್ 1800ರಲ್ಲಿ ಗ್ರೇಟ್ ಸೇಂಟ್ ಬರ್ನಾರ್ಡ್ ದಾಟಿ ಇಟಲಿಗೆ ನುಗ್ಗಿದ್ದು ಇದಾಗಿ ಹದಿನೇಳು ವರ್ಷದ ಮೇಲೆ.

ತಿರುವಿನ ಲೆಕ್ಕ

ಕಾಲುದಾರಿ ಇದ್ದಲ್ಲಿ ಗಾಡಿ ದಾರಿ ಮಾಡಲು ಏನು ಬೇಕು? ಉತ್ತರ ಸರಳವಾದ ಲೆಕ್ಕದಲ್ಲಿದೆ. 500 ಮೀಟರ್ ಎತ್ತರವನ್ನು ಎರಡು ಕಿಲೋಮೀಟರ್ ದಾರಿಯಲ್ಲಿ ನೇರ ಹತ್ತಿದರೆ ಪ್ರತಿ ನಾಲ್ಕು ಹೆಜ್ಜೆಗೆ ಒಂದು ಹೆಜ್ಜೆಯಷ್ಟು ಏರು. ಮನುಷ್ಯ ಏದುಸಿರು ಬಿಡುತ್ತ ಹತ್ತಿಯಾನು, ಹೇರೆತ್ತೂ ಹತ್ತೀತು. ತುಂಬಿದ ಗಾಡಿಯನ್ನು ಎಳೆಯುವುದು ಸಾಧ್ಯವಿಲ್ಲ. ಗಾಡಿಗೆ ಇಪ್ಪತ್ತಕ್ಕೆ ಒಂದರಷ್ಟು ಹದವಾದ ಏರು ಬೇಕು ಎಂದಿಟ್ಟುಕೊಂಡರೆ ಅದೇ ಎತ್ತರಕ್ಕೆ ಹತ್ತು ಕಿಲೋಮೀಟರ್ ರಸ್ತೆ ಬೇಕು. ಎರಡು ಕಿಲೋಮೀಟರ್ ಜಾಗದಲ್ಲಿ ಹತ್ತು ಕಿಲೋಮೀಟರ್ ರಸ್ತೆಯನ್ನು ಹೊಂದಿಸುವುದು ಹೇಗೆ? ಉದ್ದದ ಸೀರೆಯನ್ನು ಮಡಿಸಿ ಪೆಟ್ಟಿಗೆಯಲ್ಲಿ ಇಡುವ ಹಾಗೆ ಮಡಿಸಬೇಕು. ಆಗುಂಬೆಯ 14 ತಿರುವುಗಳು ಆ ಮಡಿಕೆಗಳೇ.

ಆಲ್ಪ್ಸ್‌ನಲ್ಲೂ ಇದೇ ಉಪಾಯ. ಆಸ್ಟ್ರಿಯದ ಚಕ್ರವರ್ತಿಗಾಗಿ ಕಾರ್ಲೊ ದೊನೆಗಾನಿ ಎಂಬ ಎಂಜಿನಿಯರ್ 1820ರಿಂದ 1825ರ ನಡುವೆ ಕಟ್ಟಿದ ಸ್ಟೆಲ್ವಿಯೋ ರಸ್ತೆಯಲ್ಲಿ ಒಂದು ಬದಿಗೇ 48 ತಿರುವುಗಳಿವೆ. ನಮ್ಮಲ್ಲಿ ಗಾಡಿ ರಸ್ತೆಗಳು ಬಂದದ್ದು ಸ್ವಲ್ಪ ತಡವಾಗಿ, 19ನೇ ಶತಮಾನದ ನಡುಭಾಗದಿಂದ ಈಚೆಗೆ. ಅದಕ್ಕೆ ಮುಖ್ಯ ಕಾರಣ ಹತ್ತಿ. ಇಂಗ್ಲೆಂಡಿನ ಗಿರಣಿಗಳಿಗೆ ಧಾರವಾಡ ಸೀಮೆಯ ಹತ್ತಿ ಬೇಕಿತ್ತು, ಅದು ಸಮುದ್ರಕ್ಕೆ ಇಳಿಯಲು ದಾರಿ ಬೇಕಿತ್ತು. ಘಟ್ಟದ ಮೇಲೆ ಬೆಳೆದ ಹತ್ತಿಗೆ, ಹಡಗು ಹತ್ತುವ ಬಂದರಿನ ಮೇಲಿಂದ ‘ಕುಮಟಾ ಹತ್ತಿ’ ಎಂದೇ ಹೆಸರು ಬಿತ್ತು. ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ನಿಂತಾಗ ಈ ಅವಸರ ಇನ್ನೂ ಹೆಚ್ಚಿತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬೇರ್ಪಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆಯೂ ಕಾರವಾರ ಬಂದರು ಮತ್ತು ಹತ್ತಿಯ ಲೆಕ್ಕಾಚಾರವಿತ್ತು. ಜಿಲ್ಲೆಗಳ ಗಡಿಯೇ ಬದಲಾಗುವಷ್ಟು ಬೆಲೆ ಒಂದು ಘಟ್ಟದ ದಾರಿಗೆ ಇತ್ತು.

ಯಾವ ಘಟ್ಟ, ಎಂಥ ಘಟ್ಟ

ಕರ್ನಾಟಕದ ಘಟ್ಟದ ದಾರಿಗಳನ್ನು ಉತ್ತರದಿಂದ ಎಣಿಸುತ್ತ ಬಂದರೆ ಒಂದೊಂದಕ್ಕೂ ಒಂದೊಂದು ಗುಣ. ಯಲ್ಲಾಪುರದಿಂದ ಅಂಕೋಲೆಗೆ ಇಳಿಯುವ ಅರಬೈಲು ಲಾರಿಗಳ ಘಟ್ಟ, ಸೈಕಲ್ಲಿಗೆ ಹಿತವಲ್ಲ. ಶಿರಸಿಯಿಂದ ಕುಮಟೆಗೆ ಹೋಗುವ ದೇವಿಮನೆ, ಹಳೆಯ ಹತ್ತಿಯ ದಾರಿ. ಜೋಗದ ಕಡೆಯಿಂದ ಹೊನ್ನಾವರಕ್ಕೆ ಇಳಿಯುವುದು ದೆಲ್ಲಾ ವಾಲ್ಲೆ ಹತ್ತಿದ ಗೇರುಸೊಪ್ಪೆಯ ಸೀಮೆ. ನಿಟ್ಟೂರಿನಿಂದ ಕೊಲ್ಲೂರಿಗೆ ಇಳಿಯುವ ನಾಗೋಡಿ ಘಟ್ಟದ ಪಕ್ಕದಲ್ಲೇ 1,343 ಮೀಟರ್ ಎತ್ತರದ ಕೊಡಚಾದ್ರಿ ಇದೆ. ನಡೆಯುವವರಿಗೆ ಇದು ಹಳೆಯ ನಂಟು. ಹುಲಿಕಲ್ಲಿನಿಂದ ಹೊಸಂಗಡಿಗೆ ಇಳಿಯುವ ಬಾಳೆಬರೆ ಘಟ್ಟದಲ್ಲಿ ಲಾರಿ ಚಾಲಕರು ಚಂಡಿಕಾಂಬೆಯ ಗುಡಿಯ ಮುಂದೆ ನಿಲ್ಲಿಸಿ ಕೈಮುಗಿದೇ ಮುಂದೆ ಹೋಗುತ್ತಾರೆ.

ಆಗುಂಬೆಯ ದಕ್ಷಿಣಕ್ಕೆ ಕೊಟ್ಟಿಗೆಹಾರದಿಂದ ಇಳಿಯುವ ಚಾರ್ಮಾಡಿ ನಡೆಯುವವರ ಘಟ್ಟ. ಮಹಾಶಿವರಾತ್ರಿಗೆ ಧರ್ಮಸ್ಥಳಕ್ಕೆ ಪಾದಯಾತ್ರೆ ಹೊರಟ ಸಾವಿರಾರು ಜನ ಈ ತಿರುವುಗಳಲ್ಲಿ ಹಗಲು ರಾತ್ರಿ ನಡೆಯುತ್ತಾರೆ. ಸಕಲೇಶಪುರದಿಂದ ಇಳಿಯುವ ಶಿರಾಡಿ, ಬೆಂಗಳೂರು ಮತ್ತು ಮಂಗಳೂರು ನಡುವಿನ ಜೀವನಾಡಿ. ಅದರ ಪಕ್ಕದಲ್ಲೇ 57 ಸುರಂಗಗಳ ರೈಲು ಮಾರ್ಗ 1979ರಲ್ಲಿ ತೆರೆಯಿತು. ಹಳಿಯ ಮೇಲೆ ಚಾರಣ ಮಾಡುವ ಹುಚ್ಚು ಒಂದು ಕಾಲಕ್ಕೆ ಬಹಳವಿತ್ತು. ಅದು ಅಪಾಯಕರ, ಕಾನೂನಿಗೂ ವಿರುದ್ಧ. ಬಿಸಿಲೆ ಘಟ್ಟ ದಟ್ಟ ಕಾಡಿನ ನಡುವಿನ ಕಿರಿದಾದ ದಾರಿ. ಮಡಿಕೇರಿಯಿಂದ ಇಳಿಯುವ ಸಂಪಾಜೆ ಕೊನೆಯದು.

ಹದಡಿಯಿಂದ ಮೂರು ದಿನ

ಬಯಲುಸೀಮೆಯ ಸೈಕಲ್ ಸವಾರನಿಗೆ ಇವುಗಳಲ್ಲಿ ಮೊದಲು ಹೊಂದುವುದು ಆಗುಂಬೆ. ಹದಡಿಯಿಂದ ಮಲ್ಪೆಯ ಕಡಲಿಗೆ ಸುಮಾರು 250 ಕಿ.ಮೀ.; ಆತುರಪಡದೆ ಹೋದರೆ ಮೂರು ದಿನ. ಮೊದಲ ದಿನ ಸಂತೇಬೆನ್ನೂರಿನ ಸುಂದರ ಪುಷ್ಕರಣಿಯ ಬಳಿ ನಿಂತು, ಚನ್ನಗಿರಿಯ ಅಡಕೆ ತೋಟಗಳ ನಡುವೆ ಹಾದು ಶಿವಮೊಗ್ಗ ಸೇರಬಹುದು. ಎರಡನೆಯ ದಿನ ತುಂಗೆಯನ್ನು ಎದುರು ಹಿಡಿದು ಗಾಜನೂರು, ಆನೆಬಿಡಾರದ ಸಕ್ರೆಬೈಲು, ಹಕ್ಕಿಗಳ ಮಂಡಗದ್ದೆ, ತೀರ್ಥಹಳ್ಳಿ ಮಾರ್ಗವಾಗಿ ಆಗುಂಬೆ. ಮೂರನೆಯ ದಿನ ಬೆಳಗ್ಗೆ ಘಟ್ಟ ಇಳಿದು ಸೋಮೇಶ್ವರ, ಹೆಬ್ರಿ ದಾಟಿ ಉಡುಪಿ, ಮಲ್ಪೆ.

ಈ ದಾರಿಯಲ್ಲಿ ಕಣ್ಣಿಗೆ ಬೀಳುವ ಬದಲಾವಣೆಯೇ ಒಂದು ಪಾಠ. ಹದಡಿಯ ಸುತ್ತ ಮೆಕ್ಕೆಜೋಳ, ಭದ್ರಾ ನಾಲೆಯ ನೀರು ಬಂದಲ್ಲಿ ಭತ್ತ ಮತ್ತು ಅಡಕೆ. ಶಿವಮೊಗ್ಗ ದಾಟಿದ ಮೇಲೆ ಮನೆಯ ಮಾಳಿಗೆ ಹೋಗಿ ಇಳಿಜಾರು ಹಂಚಿನ ಮಾಡು ಬರುತ್ತದೆ. ತೀರ್ಥಹಳ್ಳಿಯಾಚೆ ಅಂಗಳಕ್ಕೆ ಅಡಕೆ ಚಪ್ಪರ. ಘಟ್ಟ ಇಳಿದ ಮೇಲೆ ಗಾಳಿಯೇ ಬೇರೆ. ಒಂದೇ ಗಂಟೆಯೊಳಗೆ ಮೈ ಬೆವರಿ ಅಂಟುತ್ತದೆ, ಮಾತು ಕನ್ನಡದಿಂದ ತುಳುವಿಗೆ ಹೊರಳುತ್ತದೆ, ತಟ್ಟೆಗೆ ಕುಚ್ಚಲಕ್ಕಿ ಬರುತ್ತದೆ. ರೊಟ್ಟಿಯಿಂದ ಕುಚ್ಚಲಕ್ಕಿಗೆ ಹೋಗುವ ದಾರಿಯನ್ನು ಬಸ್ಸು ಒಂದೇ ನಿದ್ದೆಯಲ್ಲಿ ಮುಗಿಸುತ್ತದೆ.

ಇಳಿಯುವುದು ಸುಲಭ ಎಂಬ ಭ್ರಮೆ ಬೇಡ. ಘಟ್ಟದಲ್ಲಿ ಸೈಕಲ್ ಸವಾರನಿಗೆ ಹೆಚ್ಚು ಅಪಾಯ ಇಳಿಯುವಾಗಲೇ. ಬ್ರೇಕನ್ನು ಒಂದೇ ಸಮನೆ ಒತ್ತಿ ಹಿಡಿದರೆ ರಿಮ್ ಬಿಸಿಯಾಗಿ, ರಬ್ಬರ್ ಸವೆದು, ಬ್ರೇಕ್ ಹಿಡಿತ ಕಳೆದುಕೊಳ್ಳುತ್ತದೆ. ತಿರುವಿಗೆ ಮೊದಲೇ ವೇಗ ತಗ್ಗಿಸಿ, ಎರಡೂ ಬ್ರೇಕುಗಳನ್ನು ಒತ್ತಿ ಬಿಟ್ಟು, ಒತ್ತಿ ಬಿಟ್ಟು ಇಳಿಯಬೇಕು. ಪ್ರತಿ ಎರಡು ಮೂರು ತಿರುವಿಗೊಮ್ಮೆ ನಿಂತು ರಿಮ್ ಆರಲು ಬಿಡುವುದು ಒಳ್ಳೆಯದು. ಹತ್ತುವ ವಾಹನಕ್ಕೆ ಇಳಿಯುವ ವಾಹನ ದಾರಿ ಬಿಡಬೇಕು ಎಂಬುದು ಘಟ್ಟದ ನಿಯಮ. ಸೈಕಲ್ಲಿಗೂ ಅದು ಅನ್ವಯಿಸುತ್ತದೆ. ನವೆಂಬರ್‌ನಿಂದ ಫೆಬ್ರವರಿವರೆಗೆ ಹೋಗಲು ಒಳ್ಳೆಯ ಕಾಲ. ಮಳೆಗಾಲದಲ್ಲಿ ಮಂಜಿನಲ್ಲಿ ಹತ್ತು ಮಾರು ದೂರದ ಬಸ್ಸೂ ಕಾಣುವುದಿಲ್ಲ. ನಡೆಯುವವರ ಕಾಲಿಗೆ ಉಂಬಳ ಬೇರೆ.

ಹತ್ತುವಾಗ ಸೈಕಲ್ ಇಳಿದು ತಳ್ಳಲು ನಾಚಿಕೆಪಡಬೇಕಾಗಿಲ್ಲ. ಫ್ರಾನ್ಸಿನ ಪ್ರಸಿದ್ಧ ಟೂರ್ ದ ಫ್ರಾನ್ಸ್ ಸೈಕಲ್ ಪಂದ್ಯ 1911ರಲ್ಲಿ ಮೊದಲ ಬಾರಿಗೆ ಆಲ್ಪ್ಸ್‌ನ ಗಾಲಿಬಿಯೇ ಕಣಿವೆಗೆ ಹೋದಾಗ, ಎಮಿಲ್ ಜಾರ್ಜೆ ಮೊದಲಿಗನಾಗಿ ನೆತ್ತಿ ಮುಟ್ಟಿದ; ಅವನೂ ಇನ್ನಿಬ್ಬರೂ ಬಿಟ್ಟರೆ ಉಳಿದ ವೀರರೆಲ್ಲ ಇಳಿದು ಸೈಕಲ್ ತಳ್ಳಿಕೊಂಡೇ ಹೋದರು. ಆಗ ಅವರ ಸೈಕಲ್ಲಿಗೆ ಇಂದಿನ ಗೇರು ವ್ಯವಸ್ಥೆ ಇರಲಿಲ್ಲ. ನಮ್ಮ ಊರಿನ ಅಂಗಡಿಗಳಲ್ಲಿ ಒಂದು ಕಾಲಕ್ಕೆ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುತ್ತಿದ್ದ, ಹಿಂದೆ ಕ್ಯಾರಿಯರ್ ಇದ್ದ ಕಪ್ಪು ಸೈಕಲ್ಲುಗಳಂತೆಯೇ ಅವೂ ದುಡಿತದ ಸೈಕಲ್ಲುಗಳು.

ನಡೆಯುವವರಿಗೂ ಒಂದು ಮಾತು. ದಾವಣಗೆರೆಯವರಿಗೆ ನಡಿಗೆ ಹೊಸದಲ್ಲ. ಪ್ರತಿ ವರ್ಷ ಕೊಟ್ಟೂರೇಶ್ವರನ ರಥೋತ್ಸವಕ್ಕೆ ಇಲ್ಲಿಂದ ಜನ ಗುಂಪು ಗುಂಪಾಗಿ ಕೊಟ್ಟೂರಿಗೆ ನಡೆಯುತ್ತಾರೆ. ಆದರೆ ಘಟ್ಟದ ಕಾಡಿನ ಕಾಲುದಾರಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು. 2024ರ ಆರಂಭದಲ್ಲಿ ಕುಮಾರ ಪರ್ವತಕ್ಕೆ ಒಂದೇ ಸಲ ಚಾರಣಿಗರು ಮುಗಿಬಿದ್ದ ನಂತರ ಇಲಾಖೆ ಆನ್‌ಲೈನ್ ನೋಂದಣಿಯ ವ್ಯವಸ್ಥೆಗೆ ಬಂತು. ಆಗುಂಬೆ ಮತ್ತು ಸೋಮೇಶ್ವರದ ಕಾಡುಗಳು 2012ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ 39 ತಾಣಗಳಲ್ಲಿ ಇವೆ. ತಿರುವಿನಲ್ಲಿ ಕಾರು ನಿಲ್ಲಿಸಿ ಮಂಗಗಳಿಗೆ ಬಿಸ್ಕತ್ತು ಎಸೆಯುವುದು ಮಾತ್ರ ಘಟ್ಟ ದರ್ಶನ ಎಂದುಕೊಂಡವರು ಇದನ್ನು ಗಮನಿಸಬೇಕು.

ಅದೇ ಮಳೆ, ಅದೇ ನೀರು

ಘಟ್ಟದ ಅಂಚಿನಲ್ಲಿ ನಿಂತವನಿಗೆ ಇನ್ನೊಂದು ವಿಷಯ ಅರ್ಥವಾಗುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ದಾವಣಗೆರೆಯಲ್ಲಿ ಆರುನೂರು ಚಿಲ್ಲರೆ. ಸಮುದ್ರದಿಂದ ಬಂದ ಮೋಡ ಕಡಿದಾದ ಅಂಚಿಗೆ ತಾಗಿ, ಮೇಲೇರಿ, ತಣಿದು, ಅಲ್ಲೇ ಸುರಿದುಬಿಡುತ್ತದೆ. ನಮ್ಮ ಕಡೆಗೆ ಬರುವುದು ಬಹುಮಟ್ಟಿಗೆ ಖಾಲಿ ಗಾಳಿ. ಎತ್ತರ ಒಂದೇ ಆದರೂ ಒಂದು ಊರು ನೆನೆಯುತ್ತದೆ, ಇನ್ನೊಂದು ಊರು ಆಕಾಶ ನೋಡುತ್ತದೆ.

ಆದರೆ ಆ ಮಳೆ ನಮಗೆ ಸಿಗುವುದೇ ಇಲ್ಲ ಎನ್ನುವಂತಿಲ್ಲ. ಅಂಚಿನ ಪಶ್ಚಿಮಕ್ಕೆ ಬಿದ್ದ ಹನಿ ಸೀತಾನದಿಯಂಥ ಹೊಳೆ ಸೇರಿ ಅದೇ ದಿನ ಅರಬ್ಬೀ ಸಮುದ್ರದ ದಾರಿ ಹಿಡಿಯುತ್ತದೆ. ಪೂರ್ವಕ್ಕೆ ಬಿದ್ದದ್ದು ಹಳ್ಳ ಸೇರಿ, ತುಂಗೆ ಸೇರಿ, ಕೂಡಲಿಯಲ್ಲಿ ಭದ್ರೆಯನ್ನು ಕೂಡಿ, ಹೊನ್ನಾಳಿ ದಾಟಿ ಹರಿಹರಕ್ಕೆ ಬರುತ್ತದೆ. ಹರಿಹರದಲ್ಲಿ 1868ರಲ್ಲಿ ತೆರೆದ ಸೇತುವೆಯ ಕಮಾನುಗಳ ಕೆಳಗೆ ಹರಿದ ನೀರು ಹಿಂದಿನ ವಾರ ಘಟ್ಟದ ನೆತ್ತಿಯ ಮೇಲೆ ಬಿದ್ದ ಮಳೆ. ಹದಡಿಯ ಕಡೆಯ ಗದ್ದೆಗಳಿಗೆ ಲಕ್ಕವಳ್ಳಿಯ ಭದ್ರಾ ಜಲಾಶಯದಿಂದ ನಾಲೆಯಲ್ಲಿ ಬರುವ ನೀರೂ ಘಟ್ಟದ ಕಾಡಿನದೇ. ನಾಲೆಯ ಕೊನೆ ಭಾಗದ ರೈತ ನೀರಿಗಾಗಿ ಕಾಯುವಾಗ, ಅವನು ಕಾಯುತ್ತಿರುವುದು ಘಟ್ಟದ ಅಂಚಿನ ಮೋಡವನ್ನು. ಆ ಅಂಚಿನ ಕಾಡಿಗೆ ಏನಾಗುತ್ತದೆ ಎಂಬುದು ಮಲೆನಾಡಿನವರ ವಿಷಯ ಮಾತ್ರ ಅಲ್ಲ.

ಅಂಚು ಕುಸಿಯುತ್ತಿದೆ

ಈಚಿನ ವರ್ಷಗಳ ಸುದ್ದಿ ಒಳ್ಳೆಯದಲ್ಲ. 2018ರ ಆಗಸ್ಟ್‌ನಲ್ಲಿ ಮಡಿಕೇರಿ ಮತ್ತು ಸಂಪಾಜೆ ನಡುವೆ ಗುಡ್ಡಗಳೇ ಜರಿದವು. ಅದೇ ಮಳೆಗಾಲದಲ್ಲಿ ಶಿರಾಡಿಯೂ ಮುಚ್ಚಿತು. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಅನೇಕ ಕಡೆ ಕುಸಿಯಿತು. 2024ರ ಜುಲೈನಲ್ಲಿ ಸಕಲೇಶಪುರದ ಬಳಿ ದೊಡ್ಡತಪ್ಪಲಿನಲ್ಲಿ ಮತ್ತೆ ಮತ್ತೆ ಮಣ್ಣು ರಸ್ತೆಗೆ ಬಂತು. ಆಗುಂಬೆಯಲ್ಲಿ ಮಳೆಗಾಲಕ್ಕೆ ಭಾರಿ ವಾಹನಗಳನ್ನು ತಡೆಯುವುದು ವಾಡಿಕೆಯೇ ಆಗಿದೆ.

ಮಳೆ ಒಂದೇ ಇದಕ್ಕೆ ಕಾರಣವಲ್ಲ. ಘಟ್ಟದ ಇಳಿಜಾರಿನಲ್ಲಿ ಗಟ್ಟಿ ಬಂಡೆಯ ಮೇಲೆ ದಪ್ಪನೆಯ ಮೆತು ಮಣ್ಣಿನ ಪದರವಿದೆ. ಮರಗಳ ಬೇರು ಅದನ್ನು ಹಿಡಿದಿದೆ, ಗುಡ್ಡದ ಪಾದ ಅದಕ್ಕೆ ಒರಗುಗಂಬದಂತೆ ನಿಂತಿದೆ. ರಸ್ತೆ ಅಗಲ ಮಾಡಲು ಆ ಪಾದವನ್ನೇ ನೇರವಾಗಿ ಕಡಿದರೆ ಮೇಲಿನ ಮಣ್ಣಿಗೆ ಒರಗಲು ಏನೂ ಉಳಿಯುವುದಿಲ್ಲ. ಮಳೆ ನೀರು ಒಳಗಿಳಿದು ಮಣ್ಣು ಭಾರವಾದಾಗ, ಬಂಡೆಯ ಮೇಲೆ ಅದು ಎಣ್ಣೆ ಸವರಿದ ಹಲಗೆಯ ಮೇಲಿನ ಚೀಲದಂತೆ ಜಾರುತ್ತದೆ. ಹಳೆಯ ಗಾಡಿ ರಸ್ತೆ ಮಾಡಿದವರಿಗೆ ಯಂತ್ರಗಳಿರಲಿಲ್ಲ. ಆದ್ದರಿಂದ ಅವರು ಗುಡ್ಡದ ಮೈಯನ್ನು ಅನುಸರಿಸಿ, ಆದಷ್ಟು ಕಡಿಮೆ ಕಡಿದು, ಸುತ್ತಿ ಬಳಸಿ ಹೋದರು. ನಮಗೆ ಯಂತ್ರಗಳಿವೆ, ಸುತ್ತುವ ಸಹನೆ ಇಲ್ಲ.

ಹಾಗೆಂದು ಲಾರಿ ಓಡಬಾರದು, ರೋಗಿಯನ್ನು ಹೊತ್ತ ಆಂಬುಲೆನ್ಸ್ ಘಟ್ಟದಲ್ಲಿ ಸಿಕ್ಕಿಕೊಳ್ಳಲಿ ಎಂದು ಯಾರೂ ಹೇಳಲಾರರು. ಹೊನ್ನಾಳಿ, ತೀರ್ಥಹಳ್ಳಿ ಕಡೆಯವರು ಚಿಕಿತ್ಸೆಗೆ ಮಣಿಪಾಲಕ್ಕೆ ಹೋಗುವುದೂ ಆಗುಂಬೆಯ ಇದೇ ತಿರುವುಗಳಲ್ಲಿ. ಶಿರಾಡಿಯಲ್ಲಿ ಸುರಂಗ ಕೊರೆಯುವ ಪ್ರಸ್ತಾಪ ವರ್ಷಗಳಿಂದ ಚರ್ಚೆಯಲ್ಲಿದೆ. ಆಗುಂಬೆಯ ಬಗ್ಗೆಯೂ ಅಂಥ ಮಾತು ಕೇಳಿಬರುತ್ತದೆ. ಅದು ಬೇಕೇ ಬೇಡವೇ ಎಂಬುದನ್ನು ಭೂವಿಜ್ಞಾನ ಮತ್ತು ಪರಿಸರ ಬಲ್ಲವರು ಸ್ಥಳದಲ್ಲೇ ಅಳೆದು ಹೇಳಬೇಕು. ಆದರೆ ಹೊಸ ದಾರಿ ಬಂದ ಮೇಲೆ ಹಳೆಯ ದಾರಿ ಏನಾಗಬೇಕು ಎಂಬುದನ್ನು ಈಗಲೇ ಯೋಚಿಸಬಹುದು.

ಇದಕ್ಕೆ ಆಲ್ಪ್ಸ್‌ನಲ್ಲಿ ಒಂದು ಮಾದರಿ ಇದೆ. ಸ್ವಿಟ್ಜರ್ಲೆಂಡಿನ ಗೊಟ್ಟಾರ್ಡ್ ಬೆಟ್ಟದ ಕೆಳಗೆ 1980ರಲ್ಲಿ ಸುಮಾರು 17 ಕಿ.ಮೀ. ಉದ್ದದ ರಸ್ತೆ ಸುರಂಗ ತೆರೆಯಿತು. ಲಾರಿ, ಕಾರುಗಳು ಒಳಗೆ ಹೋದವು. ಮೇಲಿನ ತ್ರೆಮೋಲಾ ಎಂಬ ಹಳೆಯ ರಸ್ತೆಯನ್ನು, ಕಲ್ಲು ಹಾಸಿದ ಅದರ 24 ತಿರುವುಗಳನ್ನು ಅವರು ಹಾಳು ಬಿಡಲಿಲ್ಲ. ಕಲ್ಲು ಕಿತ್ತು ಡಾಂಬರು ಹಾಕಲೂ ಇಲ್ಲ. ಇಂದು ಅದು ಸೈಕಲ್ ಸವಾರರ, ನಡೆಯುವವರ ನೆಚ್ಚಿನ ದಾರಿ. ಅಲ್ಲಿನ ಜನ 1979ರಲ್ಲೇ ಮತ ಹಾಕಿ ಕಾಲುದಾರಿಗಳ ರಕ್ಷಣೆಯನ್ನು ತಮ್ಮ ಸಂವಿಧಾನಕ್ಕೆ ಸೇರಿಸಿದರು. ಕೋಟೆ, ದೇವಾಲಯಗಳ ಹಾಗೆ ಹಳೆಯ ದಾರಿಗಳನ್ನೂ ಪಟ್ಟಿ ಮಾಡಿ, 2010ರಲ್ಲಿ ಅದಕ್ಕೆ ಕಾನೂನಿನ ಬಲ ಕೊಟ್ಟರು.

ನಮ್ಮಲ್ಲಿ ಕೋಟೆಗೆ ರಕ್ಷಣೆಯ ಫಲಕವಿದೆ, ಶಾಸನದ ಕಲ್ಲಿಗೆ ಸಂಖ್ಯೆ ಇದೆ. ಆದರೆ ಹೇರೆತ್ತುಗಳು ಹತ್ತಿದ ಕಾಲುದಾರಿ ಎಲ್ಲಿತ್ತು, ಉಪ್ಪಿನ ತಂಡಗಳು ಎಲ್ಲಿ ರಾತ್ರಿ ತಂಗುತ್ತಿದ್ದವು, ಯಾವ ತಿರುವಿನಲ್ಲಿ ನೀರಿನ ಒರತೆ ಇತ್ತು ಎಂಬುದನ್ನು ಬರೆದಿಡುವ ಕೆಲಸ ಆಗಬೇಕಾದಷ್ಟು ಆಗಿಲ್ಲ. ತಾಂಡಾಗಳ ಹಿರಿಯರಲ್ಲಿ, ಘಟ್ಟದಂಚಿನ ಹಳ್ಳಿಗಳ ಮುದುಕರಲ್ಲಿ ಅದರ ನೆನಪು ಅಷ್ಟಿಷ್ಟು ಉಳಿದಿರುತ್ತದೆ. ಅವರನ್ನು ಕೇಳಲು ಶಾಲೆಯ ಮಕ್ಕಳಿಗೆ ಒಂದು ರಜೆಯ ಅವಧಿ ಸಾಕು.

ಪ್ರತಿಯೊಬ್ಬರೂ ಸೈಕಲ್ ಹತ್ತಿ ಹೊರಡಲಿ ಎಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಮುಂದಿನ ಸಲ ಆಗುಂಬೆಗೆ ಹೋದಾಗ ಸೂರ್ಯ ಮುಳುಗಿದೊಡನೆ ವಾಹನ ಹತ್ತದೆ, ಮೊದಲ ಎರಡು ತಿರುವುಗಳನ್ನಾದರೂ ರಸ್ತೆಯ ಅಂಚು ಹಿಡಿದು ಹಗಲಿನಲ್ಲೇ ನಡೆದು ಇಳಿದು, ಮತ್ತೆ ಹತ್ತಿ ನೋಡಬಹುದು. ಆ ಏದುಸಿರಿನಲ್ಲಿ ಒಂದು ಮೂಟೆ ಉಪ್ಪು ನಮ್ಮ ಊರಿಗೆ ಬರಲು ಏನು ಬೇಕಾಗುತ್ತಿತ್ತು ಎಂಬುದು ಯಾವ ಪುಸ್ತಕಕ್ಕಿಂತ ಚೆನ್ನಾಗಿ ತಿಳಿಯುತ್ತದೆ.